ಮಾಜಿ ಸೈನಿಕರ ಕ್ಷೇಮ (ಭಾರತ)

ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳಲ್ಲಿ ಸೇವೆ ಸಲ್ಲಿಸುತ್ತಿರುವವರ ಹಾಗೂ ಸಲ್ಲಿಸಿ ಬಂದವರ ಹಣಕಾಸು, ಆರೋಗ್ಯ, ಸಂಸಾರ ಮತ್ತು ಮರುಉದ್ಯೋಗಗಳನ್ನು ನೋಡಿಕೊಳ್ಳುವ ಕಾನೂನು, ಯೋಜನೆ, ಕಚೇರಿಗಳೆಲ್ಲ ಸೇರಿ ಸೈನಿಕ ಕ್ಷೇಮ ವ್ಯವಸ್ಥೆಯಾಗುತ್ತದೆ. ಭಾರತದಲ್ಲಿ ಪ್ರತಿವರ್ಷ ಸುಮಾರು 60,000 ಮಂದಿ ಸಮವಸ್ತ್ರ ಕಳಚಿ ಮನೆಗೆ ಮರಳುತ್ತಾರೆ. ಅವರಲ್ಲಿ ಅಧಿಕಾರಿಗಳು ಕಡಿಮೆ; ಬಹುಪಾಲು ಸಿಪಾಯಿ, ನಾಯಕ್, ಹವಾಲ್ದಾರ್ ದರ್ಜೆಯವರು. ಹದಿನೆಂಟು, ಇಪ್ಪತ್ತರ ಪ್ರಾಯದಲ್ಲಿ ಭರ್ತಿಯಾದ ಜವಾನ ಹದಿನೈದರಿಂದ ಇಪ್ಪತ್ತು ಚಿಲ್ಲರೆ ವರ್ಷ ದುಡಿದು ಹೊರಬರುವಾಗ ಅವನಿಗೆ ನಲವತ್ತರ ಆಸುಪಾಸು. ಸರ್ಕಾರಿ ಕಚೇರಿಯ ಗುಮಾಸ್ತರು ಅರವತ್ತಕ್ಕೆ ನಿವೃತ್ತರಾಗುವ ಹೊತ್ತಿಗೆ ಮಕ್ಕಳ ಓದು ಮುಗಿದು ಮದುವೆಯ ಮಾತು ನಡೆದಿರುತ್ತದೆ. ಜವಾನನ ಮಕ್ಕಳು ಆಗಿನ್ನೂ ಹೈಸ್ಕೂಲಿನಲ್ಲಿರುತ್ತಾರೆ, ತಂದೆತಾಯಿ ಆಸರೆ ಬೇಡುವ ವಯಸ್ಸಿಗೆ ಬಂದಿರುತ್ತಾರೆ. ಖರ್ಚು ಏರುವ ಕಾಲಕ್ಕೆ ಸಂಬಳ ಅರ್ಧಕ್ಕಿಳಿಯುತ್ತದೆ. ಸೈನಿಕ ಕ್ಷೇಮದ ಎಲ್ಲ ಪ್ರಶ್ನೆಗಳ ಬುಡ ಇದೇ. ಈ ನಡುವಯಸ್ಸಿನ ತಿರುವನ್ನು ಮುಪ್ಪಿನ ನಿವೃತ್ತಿಯಂತೆ ಕಾಣುವ ಕಡೆಯಲ್ಲೆಲ್ಲ ವ್ಯವಸ್ಥೆ ಸೋತಿದೆ.

ಹಿನ್ನೆಲೆ

ಮೊದಲ ಮಹಾಯುದ್ಧದಿಂದ ಮರಳಿದ ಭಾರತೀಯ ಸಿಪಾಯಿಗಳ ಮತ್ತು ಮಡಿದವರ ಕುಟುಂಬಗಳ ಹಿತ ನೋಡಲು ಬ್ರಿಟಿಷ್ ಸರ್ಕಾರ ಸೋಲ್ಜರ್ಸ್ ಬೋರ್ಡನ್ನು ರಚಿಸಿತು. ಅದೇ ಬೆಳೆದು 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಎಂಬ ಹೆಸರು ಪಡೆಯಿತು. ಅದರ ಕೆಳಗೆ ರಾಜ್ಯ ಮಟ್ಟದ ಮಂಡಳಿ ಅಥವಾ ಇಲಾಖೆಗಳು, ಅವುಗಳ ಕೆಳಗೆ ಜಿಲ್ಲಾ ಕಚೇರಿಗಳಿವೆ. ಕರ್ನಾಟಕದಲ್ಲಿ ಈ ಕೆಲಸ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯದು. ಅದರ ಕೇಂದ್ರ ಕಚೇರಿ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಭವನದಲ್ಲಿದೆ. ರಕ್ಷಣಾ ಸಚಿವಾಲಯದಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆ ಹುಟ್ಟಿದ್ದು 2004ರಲ್ಲಿ.

ಆ ಭವನಕ್ಕೆ ಕಾರ್ಯಪ್ಪನವರ ಹೆಸರು ಬರೀ ಗೌರವಕ್ಕಾಗಿ ಬಂದದ್ದಲ್ಲ. ಕೊಡಗಿನ ಕೊಡಂದೇರ ಮನೆತನದ ಕಾರ್ಯಪ್ಪ 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1953ರ ಜನವರಿ 14ರಂದು ನಿವೃತ್ತರಾದರು. ಆಮೇಲಿನ ನಾಲ್ಕು ದಶಕಗಳ ಬದುಕಿನಲ್ಲಿ ಅವರು ಬಿಡದೆ ಹಿಡಿದ ಕೆಲಸ ನಿವೃತ್ತ ಜವಾನರ ಪರ ಮಾತಾಡುವುದು. 1964ರಲ್ಲಿ ಮಾಜಿ ಸೈನಿಕರ ಸಂಘ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗನ್ನು ಕಟ್ಟಿದರು. ಅವರು ನಿವೃತ್ತರಾದ ದಿನವನ್ನೇ ಈಗ ದೇಶ ಸಶಸ್ತ್ರ ಪಡೆಗಳ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತದೆ. ಡಿಸೆಂಬರ್ 7ರ ಧ್ವಜ ದಿನ ಇದಕ್ಕಿಂತ ಹಳೆಯದು. 1949ರಿಂದ ನಡೆದು ಬಂದಿರುವ ಆ ದಿನ ಶಾಲೆ, ಕಚೇರಿಗಳಲ್ಲಿ ಪುಟ್ಟ ಧ್ವಜಗಳನ್ನು ಹಂಚಿ ಕೂಡಿಸುವ ಹಣವೇ ಇಂದಿಗೂ ಹಲವು ಸಹಾಯಧನಗಳ ಮೂಲ.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಮತ್ತು ಆರ್ಮಿ ಸರ್ವಿಸ್ ಕೋರ್ (ಎ.ಎಸ್.ಸಿ.) ಕೇಂದ್ರಗಳಿವೆ. ಬೀದರ್, ಜಾಲಹಳ್ಳಿ, ಯಲಹಂಕ, ಸಾಂಬ್ರಾಗಳಲ್ಲಿ ವಾಯುಪಡೆ ಇದೆ, ಕಾರವಾರದ ಬಳಿ ಕದಂಬ ನೌಕಾನೆಲೆ ಇದೆ. ಕೊಡಗು, ಬೆಳಗಾವಿ, ಧಾರವಾಡ ಸೀಮೆಗಳ ಎಷ್ಟೋ ಊರುಗಳಲ್ಲಿ ಒಂದೇ ಓಣಿಯಲ್ಲಿ ನಾಲ್ಕಾರು ಮಿಲಿಟರಿ ಮನೆಗಳು ಸಿಗುತ್ತವೆ.

ಪಿಂಚಣಿ

2004ರ ಜನವರಿ 1ರ ನಂತರ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದವರು ಹೊಸ ಪಿಂಚಣಿ ಪದ್ಧತಿಯ ಒಳಗೆ ಬಂದರು. ಮೂರು ಸೇನಾಪಡೆಗಳನ್ನು ಅದರಿಂದ ಹೊರಗಿಡಲಾಯಿತು. ಹಾಗಾಗಿ ಸೈನಿಕನ ಪಿಂಚಣಿ ಇಂದಿಗೂ ಸರ್ಕಾರ ಖಾತ್ರಿಯಾಗಿ ಕೊಡುವ ಪಿಂಚಣಿ. ಜವಾನರಿಗೆ 15 ವರ್ಷ, ಅಧಿಕಾರಿಗಳಿಗೆ 20 ವರ್ಷ ಅರ್ಹತಾ ಸೇವೆ ಬೇಕು. ಕೊನೆಯ ಸಂಬಳದ ಅರ್ಧ ಪಿಂಚಣಿಯಾಗುತ್ತದೆ. ಈ ಲೆಕ್ಕಕ್ಕೆ ಮೂಲವೇತನದ ಜೊತೆಗೆ ಮಿಲಿಟರಿ ಸೇವಾ ವೇತನವೂ ಸೇರುತ್ತದೆ. ಏಳನೆಯ ವೇತನ ಆಯೋಗದ ಪ್ರಕಾರ ಅದು ಜವಾನರಿಗೆ ₹5,200, ಬ್ರಿಗೇಡಿಯರ್‌ವರೆಗಿನ ಅಧಿಕಾರಿಗಳಿಗೆ ₹15,500. ಪಿಂಚಣಿಯ ಕನಿಷ್ಠ ಮಿತಿ ತಿಂಗಳಿಗೆ ₹9,000; ಅದರ ಮೇಲೆ ತುಟ್ಟಿಭತ್ಯೆ.

1973ಕ್ಕೆ ಮೊದಲು ಲೆಕ್ಕ ಬೇರೆಯಿತ್ತು. ಬೇಗ ಹೊರಬರಬೇಕಾದ ಜವಾನನಿಗೆ ಕೊನೆಯ ಸಂಬಳದ ಶೇ 70ರಷ್ಟು ಪಿಂಚಣಿ ಸಿಗುತ್ತಿತ್ತು. ಮೂರನೆಯ ವೇತನ ಆಯೋಗದ ನಂತರ ಅದು ನಾಗರಿಕ ನೌಕರರಂತೆ ಶೇ 50ಕ್ಕೆ ಇಳಿಯಿತು. ಅಲ್ಲಿಂದ ಪ್ರತಿ ವೇತನ ಆಯೋಗ ಬಂದಾಗಲೂ ಒಂದು ಕಂದರ ಅಗಲವಾಗುತ್ತಾ ಹೋಯಿತು. ಒಂದೇ ರೆಜಿಮೆಂಟಿನಲ್ಲಿ ಅಷ್ಟೇ ವರ್ಷ ದುಡಿದ ಇಬ್ಬರು ಹವಾಲ್ದಾರರ ಪೈಕಿ ಮೊದಲು ನಿವೃತ್ತನಾದವನಿಗೆ ಕಡಿಮೆ, ನಂತರ ನಿವೃತ್ತನಾದವನಿಗೆ ಹೆಚ್ಚು ಪಿಂಚಣಿ. ಹಿರಿಯರು ಬಡವರಾಗುತ್ತಾ ಹೋದರು. ‘ಸಮಾನ ಹುದ್ದೆಗೆ ಸಮಾನ ಪಿಂಚಣಿ’ ಎಂಬ ಬೇಡಿಕೆ ಹುಟ್ಟಿದ್ದು ಇಲ್ಲಿಂದ.

ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ 2011ರ ಡಿಸೆಂಬರಿನಲ್ಲಿ ಈ ಬೇಡಿಕೆಯನ್ನು ಎತ್ತಿಹಿಡಿಯಿತು. 2015ರ ಜೂನ್‌ನಿಂದ ದೆಹಲಿಯ ಜಂತರ್ ಮಂತರ್‌ನಲ್ಲಿ ಪದಕ ಧರಿಸಿದ ಹಿರಿಯರು ಧರಣಿ ಕುಳಿತರು. ಸೆಪ್ಟೆಂಬರ್ 5ರಂದು ಸರ್ಕಾರ ಒಪ್ಪಿಗೆ ಘೋಷಿಸಿತು, ನವೆಂಬರ್ 7ರಂದು ಆದೇಶ ಹೊರಟಿತು. 2014ರ ಜುಲೈ 1ರಿಂದ ಅನ್ವಯವಾದ ಈ ಆದೇಶದಲ್ಲಿ 2013ರಲ್ಲಿ ನಿವೃತ್ತರಾದವರ ಕನಿಷ್ಠ ಮತ್ತು ಗರಿಷ್ಠ ಪಿಂಚಣಿಗಳ ಸರಾಸರಿ ಆಧಾರವಾಯಿತು, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂದಾಯಿತು. ಸಂಘಟನೆಗಳು ಕೇಳಿದ್ದು ತಾನೇತಾನಾಗಿ ಏರುವ ಪಿಂಚಣಿ. ಸುಪ್ರೀಂ ಕೋರ್ಟು 2022ರ ಮಾರ್ಚ್ 16ರ ತೀರ್ಪಿನಲ್ಲಿ ಸರ್ಕಾರದ ಸೂತ್ರದಲ್ಲಿ ಸಂವಿಧಾನ ವಿರೋಧಿಯಾದದ್ದು ಇಲ್ಲವೆಂದಿತು. ಆದರೆ 2019ರ ಜುಲೈ 1ರಿಂದ ಆಗಬೇಕಿದ್ದ ಪರಿಷ್ಕರಣೆಯನ್ನು ಮಾಡಿ ಬಾಕಿ ಕೊಡುವಂತೆ ಹೇಳಿತು. ಸಚಿವ ಸಂಪುಟ 2022ರ ಡಿಸೆಂಬರಿನಲ್ಲಿ ಒಪ್ಪಿದಾಗ ಫಲಾನುಭವಿಗಳು 25 ಲಕ್ಷ ದಾಟಿದ್ದರು. ಬಾಕಿಯನ್ನು ಕಂತುಗಳಲ್ಲಿ ಕೊಡುವ ಬಗ್ಗೆಯೂ ನ್ಯಾಯಾಲಯ ಮಧ್ಯೆ ಬರಬೇಕಾಯಿತು. ಎಪ್ಪತ್ತು ದಾಟಿದವರ ಬಾಕಿಯನ್ನು ಮೊದಲು ತೀರಿಸಿ ಎಂದು 2023ರಲ್ಲಿ ಅದು ಗಡುವು ಹಾಕಿತು. ಎಂಬತ್ತರ ಮುದುಕನಿಗೆ ಮುಂದಿನ ವರ್ಷದ ಕಂತು ಎಂದರೆ ಏನರ್ಥ ಎಂಬುದನ್ನು ಆಡಳಿತ ತಾನಾಗಿಯೇ ಅರಿಯಬೇಕಿತ್ತು.

ಇಡುಗಂಟು

ನಿವೃತ್ತಿಯ ದಿನ ಜವಾನನ ಕೈಗೆ ಬದುಕಿನಲ್ಲೇ ಅತಿ ದೊಡ್ಡ ಮೊತ್ತ ಬರುತ್ತದೆ. ಗ್ರಾಚ್ಯುಟಿ, ಭವಿಷ್ಯನಿಧಿ, 300 ದಿನಗಳವರೆಗಿನ ರಜೆಯ ನಗದು ಮತ್ತು ಗುಂಪು ವಿಮೆಯ ಪಕ್ವ ಮೊತ್ತ ಅದರಲ್ಲಿರುತ್ತವೆ. ಭೂಸೇನೆಯ ಗುಂಪು ವಿಮಾ ನಿಧಿ 1976ರ ಜನವರಿ 1ರಂದು ಆರಂಭವಾದದ್ದು. ಸೇವೆಯಲ್ಲಿರುವಾಗ ತಿಂಗಳ ವಂತಿಗೆ ಕಟ್ಟಿಸಿಕೊಂಡು, ಸತ್ತರೆ ವಿಮೆಯನ್ನೂ ಬದುಕಿ ಹೊರಬಂದರೆ ಉಳಿತಾಯವನ್ನೂ ಕೊಡುವ ಏರ್ಪಾಡು ಅದು.

ಇವೆಲ್ಲದರ ಜೊತೆಗೆ ಪಿಂಚಣಿ ಮಾರಾಟವಿದೆ. ಕಡತದಲ್ಲಿ ಪಿಂಚಣಿ ಪರಿವರ್ತನೆ ಎಂದಿರುವ ಇದನ್ನು ಜವಾನರು ಕಮ್ಯುಟೇಶನ್ ಎನ್ನುತ್ತಾರೆ. ನಾಗರಿಕ ನೌಕರ ತನ್ನ ಪಿಂಚಣಿಯ ಶೇ 40ನ್ನು ಮಾತ್ರ ಮಾರಬಹುದು, ಸೈನಿಕ ಶೇ 50ರವರೆಗೆ ಮಾರಬಹುದು. ಲೆಕ್ಕ ಹೀಗೆ ನಡೆಯುತ್ತದೆ. ಪಿಂಚಣಿ ₹20,000 ಎಂದುಕೊಳ್ಳೋಣ. ಅರ್ಧ ಮಾರಿದರೆ ₹10,000ವನ್ನು ಹನ್ನೆರಡರಿಂದ ಗುಣಿಸಿ, ವಯಸ್ಸಿಗೆ ತಕ್ಕ ಗುಣಕದಿಂದ, ಅಂದರೆ ನಲವತ್ತರ ಆಸುಪಾಸಿನಲ್ಲಿ ಹತ್ತಿರ ಹತ್ತಿರ ಒಂಬತ್ತರಿಂದ, ಮತ್ತೆ ಗುಣಿಸುತ್ತಾರೆ. ಸುಮಾರು ₹10.8 ಲಕ್ಷ ಕೈಗೆ ಬರುತ್ತದೆ. ಆಮೇಲೆ 15 ವರ್ಷ ತಿಂಗಳಿಗೆ ₹10,000 ಕಡಿತ. ಒಟ್ಟು ₹18 ಲಕ್ಷ. ಹದಿನೈದು ವರ್ಷ ಕಳೆದ ಮೇಲೆ ಪಿಂಚಣಿ ಪೂರ್ತಿಯಾಗಿ ಮರಳುತ್ತದೆ. ತುಟ್ಟಿಭತ್ಯೆಯನ್ನು ಮಾತ್ರ ಮೊದಲಿನಿಂದಲೂ ಪೂರ್ತಿ ಪಿಂಚಣಿಯ ಮೇಲೆಯೇ ಲೆಕ್ಕ ಹಾಕುತ್ತಾರೆ.

ಬಡ್ಡಿಯ ಸಾಲ ತೀರಿಸಲಿಕ್ಕೋ ಸೂರು ಕಟ್ಟಲಿಕ್ಕೋ ಈ ಹಣ ಬಳಸಿದರೆ ತಪ್ಪಲ್ಲ. ಆದರೆ ಕಡಿತ ನಡೆಯುವ ಆ ಹದಿನೈದು ವರ್ಷಗಳೇ ಮಕ್ಕಳ ಕಾಲೇಜಿನ ವರ್ಷಗಳೆಂಬುದನ್ನು ಅರ್ಜಿಗೆ ಸಹಿ ಹಾಕುವ ಮುನ್ನ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಊರಿಗೆ ಬಂದ ಕೂಡಲೇ ತಮ್ಮನ ಅಂಗಡಿ, ಅಕ್ಕನ ಮಗಳ ಮದುವೆ, ಪಕ್ಕದ ಹೊಲ, ಸೈಟು ತೋರಿಸುವ ಏಜೆಂಟ್, ಹೆಚ್ಚು ಬಡ್ಡಿಯ ಆಸೆ ಹುಟ್ಟಿಸುವ ಚೀಟಿ ವ್ಯವಹಾರದವನು, ಎಲ್ಲರೂ ಒಟ್ಟಿಗೇ ಬಾಗಿಲಿಗೆ ಬರುತ್ತಾರೆ. ಇಪ್ಪತ್ತು ವರ್ಷ ಮೆಸ್ಸಿನಲ್ಲಿ ಉಂಡು, ಬ್ಯಾರಕಿನಲ್ಲಿ ಮಲಗಿ, ಸಂಬಳವನ್ನು ಮನೆಗೆ ಕಳುಹಿಸಿಯೇ ಅಭ್ಯಾಸವಾದವನಿಗೆ ಊರಿನ ಹಣದ ವ್ಯವಹಾರ ಹೊಸದು. ‘ಇಲ್ಲ’ ಎನ್ನುವುದು ಇನ್ನೂ ಕಷ್ಟ. ಮೊದಲ ಒಂದು ವರ್ಷ ಈ ಮೊತ್ತವನ್ನು ಬ್ಯಾಂಕು ಅಥವಾ ಅಂಚೆ ಕಚೇರಿಯ ಠೇವಣಿಯಲ್ಲೇ ಇಟ್ಟು, ಯಾರಿಗೂ ಜಾಮೀನು ನಿಲ್ಲದೆ ಕಾಯುವುದೇ ಒಳ್ಳೆಯದೆಂದು ಈ ದಾರಿಯಲ್ಲಿ ಮೊದಲು ನಡೆದ ಸುಬೇದಾರರು ಹೇಳುತ್ತಾರೆ. ಅದಕ್ಕಿಂತ ಬೆಲೆಯುಳ್ಳ ಹಣಕಾಸು ಸಲಹೆ ಬೇರೆ ಇಲ್ಲ.

ಈಚೆಗೆ ಫೋನಿನ ಮೋಸವೂ ಸೇರಿಕೊಂಡಿದೆ. ಪಿಂಚಣಿ ನಿಲ್ಲುತ್ತದೆ, ಜೀವಿತ ಪ್ರಮಾಣಪತ್ರ ಕೊಡಿ ಎಂದು ಹೇಳಿ ಒಟಿಪಿ ಕೇಳುವವರಿದ್ದಾರೆ. ಪಿಂಚಣಿ ಕಚೇರಿ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಹಣ ಹೋದರೆ 1930 ಸಂಖ್ಯೆಗೆ ಒಡನೆ ಕರೆ ಮಾಡಿದಷ್ಟೂ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ದಾಖಲೆಗಳು

ಪಿಂಚಣಿ ಪಾವತಿ ಹಲವು ಬ್ಯಾಂಕುಗಳಿಂದ ‘ಸ್ಪರ್ಶ್’ ಎಂಬ ಒಂದೇ ಗಣಕ ವ್ಯವಸ್ಥೆಗೆ ಬಂದಿದೆ. ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರ ಕಚೇರಿ ಅದನ್ನು ನಡೆಸುತ್ತದೆ. ವರ್ಷಕ್ಕೊಮ್ಮೆ ಜೀವಿತ ಪ್ರಮಾಣ ಕೊಡಬೇಕು. ಬೆರಳಚ್ಚು ಅಥವಾ ಮುಖ ತೋರಿಸಿ ಮನೆಯಿಂದಲೂ ಕೊಡಬಹುದು, ಸಾಮಾನ್ಯ ಸೇವಾ ಕೇಂದ್ರದಲ್ಲೂ ಕೊಡಬಹುದು. ತಿಂಗಳ ಲೆಕ್ಕ ಈಗ ಪಿಂಚಣಿದಾರನಿಗೇ ಕಾಣುತ್ತದೆ, ಇದು ನಿಜವಾದ ಲಾಭ. ಸ್ಮಾರ್ಟ್‌ಫೋನ್ ಇಲ್ಲದ, ಆಧಾರ್‌ಗೆ ಬೆರಳಚ್ಚು ಹೊಂದದ ವಿಧವೆಯರು ಮಾತ್ರ ಇನ್ನೊಬ್ಬರ ಕೈ ಕಾಯುವಂತಾಯಿತು.

ಕರ್ನಾಟಕದವರಿಗೆ ವಿಶೇಷವಾಗಿ ಕಾಡುವ ತೊಡಕು ಹೆಸರಿನದು. ನಮ್ಮಲ್ಲಿ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಮೊದಲಕ್ಷರ ಬರುತ್ತದೆ. ಭರ್ತಿಯ ದಿನ ಗುಮಾಸ್ತ ಅದನ್ನು ಬಿಡಿಸಿ ಒಂದು ರೀತಿ ಬರೆದಿರುತ್ತಾನೆ, ಆಧಾರ್‌ನಲ್ಲಿ ಇನ್ನೊಂದು ರೀತಿ ಇರುತ್ತದೆ, ಬ್ಯಾಂಕಿನಲ್ಲಿ ಮತ್ತೊಂದು. ಮದುವೆಯ ನಂತರ ಹೆಂಡತಿಯ ಹೆಸರು ಬದಲಾಗಿರುತ್ತದೆ, ಹುಟ್ಟಿದ ತಾರೀಕನ್ನು ಅಂದಾಜಿನಲ್ಲಿ ಹಾಕಿಸಿರುತ್ತಾರೆ. ಗಂಡ ಬದುಕಿರುವಷ್ಟು ದಿನ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ತೀರಿಕೊಂಡ ದಿನವೇ ಬೀಳುತ್ತದೆ. ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಮದುವೆ, ಮಕ್ಕಳ ಜನನ, ನಾಮನಿರ್ದೇಶನ ಇವೆಲ್ಲ ‘ಪಾರ್ಟ್ ಟು ಆರ್ಡರ್’ ಮೂಲಕ ರೆಕಾರ್ಡ್ ಆಫೀಸಿನಲ್ಲಿ ದಾಖಲಾಗಬೇಕು. ತಿದ್ದುಪಡಿ ಮಾಡಿಸುವ ಕೆಲಸ ಜವಾನ ಸೇವೆಯಲ್ಲಿರುವಾಗ ಸಲೀಸು, ಅವನು ಸತ್ತ ಮೇಲೆ ಅಲೆದಾಟ. ಡಿಸ್ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶ (ಪಿಪಿಒ), ಹೆಂಡತಿಯ ಜೊತೆಗಿನ ಜಂಟಿ ಖಾತೆ, ಈ ಮೂರರಲ್ಲಿ ಹೆಸರು ಒಂದೇ ರೀತಿ ಇದ್ದರೆ ವಿಧವೆಯ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಗಾಯ ಮತ್ತು ಸಾವು

ಸೈನಿಕನ ಸಾವಿಗೆ ಸರ್ಕಾರ ಹಲವು ದರ್ಜೆಗಳನ್ನು ಇಟ್ಟಿದೆ. ಸಾಮಾನ್ಯ ಕಾಯಿಲೆಯಿಂದ ಸತ್ತರೆ ಹೆಂಡತಿಗೆ ಕೊನೆಯ ಸಂಬಳದ ಶೇ 30ರ ಸಾಧಾರಣ ಕುಟುಂಬ ಪಿಂಚಣಿ. ಸೇವೆಯಲ್ಲಿರುವಾಗ ಸತ್ತರೆ ಮೊದಲ ಹತ್ತು ವರ್ಷ ಅದು ಶೇ 50. ಸೇವೆಯೇ ಸಾವಿಗೆ ಕಾರಣವೆಂದಾದರೆ ಶೇ 60ರ ವಿಶೇಷ ಕುಟುಂಬ ಪಿಂಚಣಿ. ಯುದ್ಧ, ಗಡಿ ಚಕಮಕಿ, ಉಗ್ರರ ದಾಳಿಯಂಥ ಸನ್ನಿವೇಶಗಳಲ್ಲಿ ಮಡಿದರೆ ಕೊನೆಯ ಸಂಬಳದಷ್ಟೇ ಉದಾರೀಕೃತ ಕುಟುಂಬ ಪಿಂಚಣಿ. ಕೇಂದ್ರದ ಪರಿಹಾರಧನವೂ ಸಂದರ್ಭಕ್ಕೆ ತಕ್ಕಂತೆ ₹25 ಲಕ್ಷದಿಂದ ₹45 ಲಕ್ಷದವರೆಗೆ ಬದಲಾಗುತ್ತದೆ. ಹಾಗಾಗಿ ಘಟಕ ಮೊದಲು ಕಳುಹಿಸುವ ವರದಿಯಲ್ಲಿ ‘ಬ್ಯಾಟಲ್ ಕ್ಯಾಷುಯಲ್ಟಿ’ ಎಂದು ಬರೆದಿದೆಯೋ ‘ಫಿಸಿಕಲ್ ಕ್ಯಾಷುಯಲ್ಟಿ’ ಎಂದೋ ಎಂಬುದರ ಮೇಲೆ ಒಂದು ಕುಟುಂಬದ ಮುಂದಿನ ಐವತ್ತು ವರ್ಷ ನಿಂತಿರುತ್ತದೆ. ಹಿಮದಲ್ಲಿ ಹೃದಯ ನಿಂತವನ ಹೆಂಡತಿಗೂ ಗುಂಡು ತಾಗಿದವನ ಹೆಂಡತಿಗೂ ಇಷ್ಟು ಅಂತರವಿರುವುದು ಲೆಕ್ಕಕ್ಕೆ ಸರಿಯೆನಿಸಬಹುದು, ನ್ಯಾಯಕ್ಕೆ ಸರಿಯಲ್ಲ.

ಹಣ ಬಂದ ಮನೆಗಳಲ್ಲಿ ಇನ್ನೊಂದು ನೋವು ಶುರುವಾಗುತ್ತದೆ. ಪಿಂಚಣಿ ಹೆಂಡತಿಯ ಹೆಸರಿಗೆ ಬರುತ್ತದೆ. ಮಗನನ್ನು ಕಳೆದುಕೊಂಡ ತಂದೆತಾಯಿ ಬರಿಗೈಯಾಗುತ್ತಾರೆ. ಅಥವಾ ಇಪ್ಪತ್ತೆರಡರ ಸೊಸೆಯನ್ನು ಮೈದುನನಿಗೇ ಮದುವೆ ಮಾಡುವ ಒತ್ತಡ ಬರುತ್ತದೆ, ಹಣ ಮನೆಯಲ್ಲೇ ಉಳಿಯಲೆಂದು. ವಿಮೆ, ಭವಿಷ್ಯನಿಧಿಗಳ ನಾಮನಿರ್ದೇಶನದಲ್ಲಿ ತಂದೆತಾಯಿಗೂ ಹೆಂಡತಿಗೂ ಪಾಲು ಬರೆದಿಡುವ ಅವಕಾಶ ಸೈನಿಕನಿಗಿದೆ. ಮದುವೆಯಾದ ವರ್ಷವೇ ಕುಳಿತು ಬರೆದಿಟ್ಟರೆ ಜಗಳಕ್ಕೆ ಎಡೆಯೇ ಇರುವುದಿಲ್ಲ.

ಬದುಕಿ ಉಳಿದು ಅಂಗವಿಕಲನಾದವನಿಗೆ ಸೇವಾಂಶ ಮತ್ತು ವೈಕಲ್ಯಾಂಶ ಎಂಬ ಎರಡು ಭಾಗಗಳ ಪಿಂಚಣಿಯಿದೆ. ನೂರಕ್ಕೆ ನೂರು ವೈಕಲ್ಯಕ್ಕೆ ಕೊನೆಯ ಸಂಬಳದ ಶೇ 30 ಹೆಚ್ಚುವರಿ. ಅದಕ್ಕಿಂತ ಕಡಿಮೆಯಾದರೆ ಅನುಪಾತದಲ್ಲಿ. ಕಾಯಿಲೆ ಸೇವೆಯಿಂದ ಬಂತೋ ತಾನಾಗಿ ಬಂತೋ ಎಂಬುದೇ ಇಲ್ಲಿನ ದೊಡ್ಡ ಜಗಳ. 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಭರ್ತಿಯಾಗುವಾಗ ಇಲ್ಲದ ಕಾಯಿಲೆ ಆಮೇಲೆ ಕಂಡುಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಇಲಾಖೆಯದು. 2023ರಲ್ಲಿ ಸರ್ಕಾರ ಈ ಅರ್ಹತೆಯ ನಿಯಮಗಳನ್ನು ಹೊಸದಾಗಿ ಬರೆಯಿತು. ಸೌಲಭ್ಯ ಕೈತಪ್ಪುತ್ತದೆ ಎಂದು ಹಿರಿಯರು ಆಕ್ಷೇಪಿಸಿದರು. ದುರುಪಯೋಗ ತಡೆಯಲೆಂದು ಇಲಾಖೆ ಸಮರ್ಥಿಸಿಕೊಂಡಿತು.

ಇಂಥ ವ್ಯಾಜ್ಯಗಳಿಗೆಂದು 2007ರ ಕಾಯ್ದೆಯಡಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು. ಅದರ ಪ್ರಧಾನ ಪೀಠ ದೆಹಲಿಯಲ್ಲಿದೆ, ದಕ್ಷಿಣದ ಪೀಠಗಳು ಚೆನ್ನೈ ಮತ್ತು ಕೊಚ್ಚಿಯಲ್ಲಿವೆ. ಇಷ್ಟೊಂದು ಸೇನಾ ಕೇಂದ್ರಗಳಿರುವ ಕರ್ನಾಟಕದಲ್ಲಿ ಕಾಯಂ ಪೀಠವಿಲ್ಲ. ಗೋಕಾಕದ ಮಾಜಿ ನಾಯಕನೊಬ್ಬ ವೈಕಲ್ಯಾಂಶಕ್ಕಾಗಿ ರಾಜ್ಯ ದಾಟಿ ಹೋಗಬೇಕಾಗಿ ಬರಬಹುದು.

ಬೆನ್ನುಹುರಿ ಮುರಿದವರಿಗಾಗಿ ಪುಣೆಯ ಖಡ್ಕಿ ಮತ್ತು ಮೊಹಾಲಿಯಲ್ಲಿ ಪುನರ್ವಸತಿ ಕೇಂದ್ರಗಳಿವೆ. ಪುಣೆಯ ಕೃತಕ ಅಂಗ ಕೇಂದ್ರ 1944ರಿಂದ ಕಾಲು ಕಳೆದುಕೊಂಡವರನ್ನು ಮತ್ತೆ ನಡೆಸುತ್ತಿದೆ.

ಆರೋಗ್ಯ

ಸೇವೆಯಲ್ಲಿರುವಾಗ ಚಿಕಿತ್ಸೆ ಸೇನಾ ಆಸ್ಪತ್ರೆಗಳದು. ನಿವೃತ್ತರಿಗೆ 2003ರ ಏಪ್ರಿಲ್ 1ರಂದು ಆರಂಭವಾದ, ಮಾಜಿ ಸೈನಿಕರೇ ವಂತಿಗೆ ಕಟ್ಟುವ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ. ಒಮ್ಮೆ ವಂತಿಗೆ ಕಟ್ಟಿದರೆ ಗಂಡ, ಹೆಂಡತಿ, ಅವಲಂಬಿತ ಮಕ್ಕಳು, ತಂದೆತಾಯಿಗೆ ಜೀವನಪೂರ್ತಿ ಚಿಕಿತ್ಸೆ. ಹವಾಲ್ದಾರ್ ದರ್ಜೆಯವರೆಗೆ ವಂತಿಗೆ ₹30,000. ದೇಶದಲ್ಲಿ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. ಬೆಂಗಳೂರು, ಮೈಸೂರು, ಮಡಿಕೇರಿ, ಮಂಗಳೂರು, ಬೆಳಗಾವಿಗಳ ಪಾಲಿಕ್ಲಿನಿಕ್‌ಗಳು ಅವುಗಳ ಪೈಕಿ. ಅಲ್ಲಿಂದ ಬರೆಸಿಕೊಂಡು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಗೋ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೋ ಹೋಗಬಹುದು. ಇಷ್ಟು ವ್ಯಾಪಕವಾದ ಆರೋಗ್ಯ ಭದ್ರತೆ ದೇಶದ ರೈತನಿಗಾಗಲಿ ಖಾಸಗಿ ನೌಕರನಿಗಾಗಲಿ ಇಲ್ಲ. ಆದರೂ ಆಸ್ಪತ್ರೆಗಳ ಬಿಲ್ಲು ಬಾಕಿ ಉಳಿದಾಗ ಅವು ಕಾರ್ಡ್ ಹಿಡಿದು ಬಂದವರನ್ನು ಕಾಯಿಸುತ್ತವೆ, ಔಷಧಿ ಮುಗಿದಿದೆ ಎಂಬ ಮಾತು ಪಾಲಿಕ್ಲಿನಿಕ್‌ಗಳಲ್ಲಿ ಅಪರೂಪವಲ್ಲ. ಘಟ್ಟದ ಊರಿನಿಂದ ಬಸ್ಸು ಹಿಡಿದು ಬಂದ ವೃದ್ಧನಿಗೆ ಆ ಒಂದು ಮಾತು ಒಂದು ದಿನದ ನಷ್ಟ.

ಮನಸ್ಸು ಮತ್ತು ಸಂಸಾರ

ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಇದೆ. ಉಳಿದ ಒಂಬತ್ತು ತಿಂಗಳು, ಗಡಿಯ ಠಾಣೆಯಲ್ಲಿದ್ದರೆ, ಸಂಸಾರ ಫೋನಿನಲ್ಲೇ ನಡೆಯುತ್ತದೆ. ಹೊಲ ಉಳುವ, ಅತ್ತೆಮಾವನನ್ನು ನೋಡಿಕೊಳ್ಳುವ, ಮಕ್ಕಳನ್ನು ಶಾಲೆಗೆ ಸೇರಿಸುವ ಭಾರ ಹೆಂಡತಿಯದು. ಮೊಬೈಲ್ ಬಂದ ಮೇಲೆ ಮನೆಯ ಪ್ರತಿ ಜಗಳವೂ ಅದೇ ದಿನ ಬಂಕರಿಗೆ ತಲುಪುತ್ತದೆ, ಅಲ್ಲಿಂದ ಏನೂ ಮಾಡಲಾಗುವುದಿಲ್ಲ. ಜವಾನರ ಮಾನಸಿಕ ಒತ್ತಡಕ್ಕೆ ಸಂಸಾರದ ಬಿಕ್ಕಟ್ಟು, ಸಾಲ, ಜಮೀನಿನ ತಗಾದೆಗಳು ಶತ್ರುವಿನ ಗುಂಡಿಗಿಂತ ಕಡಿಮೆ ಕಾರಣವೇನಲ್ಲ. ಆತ್ಮಹತ್ಯೆಗಳ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಬಂದಾಗ ಸರ್ಕಾರವೂ ಕೌಟುಂಬಿಕ ಕಾರಣಗಳನ್ನು ಹೇಳಿದೆ.

ಜಮೀನಿನ ತಗಾದೆಗೆ ಹಳೆಯ ಮದ್ದೊಂದು ಉಂಟು. ಸೈನಿಕರ ವ್ಯಾಜ್ಯಗಳ ಕಾಯ್ದೆ 1925ರಿಂದಲೇ ಇದೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಸಲ್ಲಿಸುವ ಸೈನಿಕನ ವಿರುದ್ಧ ಅವನ ಗೈರುಹಾಜರಿಯಲ್ಲಿ ಸಿವಿಲ್ ದಾವೆ ನಡೆದುಹೋಗದಂತೆ ಅದು ತಡೆಯುತ್ತದೆ. ಕಮಾಂಡಿಂಗ್ ಅಧಿಕಾರಿ ಜಿಲ್ಲಾಧಿಕಾರಿಗೋ ಎಸ್‌ಪಿಗೋ ಪತ್ರ ಬರೆಯುವ ರೂಢಿಯೂ ಉಂಟು. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕ ಕುಟುಂಬಗಳಿಗೆ ನೆರವಾಗಲು ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿತು.

ಮನೆಗೆ ಮರಳಿದ ಮೇಲಿನ ತಳಮಳ ಬೇರೆ ಬಗೆಯದು. ಹೊತ್ತುಹೊತ್ತಿಗೆ ಸೀಟಿ ಊದುತ್ತಿದ್ದ ಬದುಕು ಒಮ್ಮೆಗೇ ನಿಲ್ಲುತ್ತದೆ. ಅವನಿಲ್ಲದೆಯೇ ನಡೆಯಲು ಕಲಿತ ಮನೆಯಲ್ಲಿ ಅವನ ಜಾಗ ಯಾವುದೆಂದು ಅವನಿಗೂ ತಿಳಿಯದು, ಮಕ್ಕಳಿಗೂ ತಿಳಿಯದು. ಕ್ಯಾಂಟೀನ್ ಕಾರ್ಡಿನ ಅಗ್ಗದ ಮದ್ಯ ಈ ಹೊತ್ತಿಗೆ ಕೈಗೆ ಸಿಗುವುದು ಒಳ್ಳೆಯದಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸಂಕಟ ಹೇಳಿಕೊಳ್ಳುವುದು ಹೇಡಿತನ ಎಂದು ನಂಬಿ ಬಂದವರು ವೈದ್ಯರ ಬಳಿ ಹೋಗುವುದಿಲ್ಲ. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಅದರ ಮುಂದಾಳತ್ವ ಬೆಂಗಳೂರಿನ ನಿಮ್ಹಾನ್ಸ್‌ನದು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಸೇನೆಯವರಿಗೆಂದೇ ಅದರ ಪ್ರತ್ಯೇಕ ಘಟಕ 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಿತು. ಕರೆ ಮಾಡಿದವರು ಯಾರೆಂದು ತಿಳಿಸಬೇಕಿಲ್ಲ ಎಂಬುದೇ ಜವಾನನಿಗೆ ಅದರ ದೊಡ್ಡ ಅನುಕೂಲ.

ಎರಡನೆಯ ಕೆಲಸ

ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 10, ಸಾರ್ವಜನಿಕ ಉದ್ಯಮ ಮತ್ತು ಬ್ಯಾಂಕುಗಳ ಅದೇ ದರ್ಜೆಯಲ್ಲಿ ಶೇ 14.5 ಮಾಜಿ ಸೈನಿಕರಿಗೆ ಮೀಸಲು. ಕರ್ನಾಟಕದ ನೇಮಕಾತಿಗಳಲ್ಲೂ ಸಮತಲ ಮೀಸಲಾತಿ ಇದೆ. 1969ರ ಭೂ ಮಂಜೂರಾತಿ ನಿಯಮಗಳು ಸರ್ಕಾರಿ ಜಮೀನಿನಲ್ಲೂ ಅವರಿಗೆ ಪಾಲು ಇಟ್ಟಿವೆ. ಕಾಗದದ ಮೇಲಿನ ಈ ಪಾಲು ಪೂರ್ತಿ ತುಂಬುವುದು ಕಡಿಮೆ. ಇಪ್ಪತ್ತು ವರ್ಷ ಹಿಂದೆ ಪಿಯುಸಿ ಬರೆದವನು ಇಪ್ಪತ್ತಮೂರರ ಪದವೀಧರನ ಜೊತೆ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರಬೇಕು. ಟ್ಯಾಂಕ್ ದುರಸ್ತಿ ಮಾಡಿದವನ, ಸೇತುವೆ ಕಟ್ಟಿದವನ, ರೇಡಿಯೊ ನಡೆಸಿದವನ ಕೌಶಲಕ್ಕೆ ನಾಗರಿಕ ಪ್ರಮಾಣಪತ್ರ ಸರಿಯಾಗಿ ಸಿಗದೆ ಅವನು ಕೊನೆಗೆ ಬೆಂಗಳೂರಿನ ಯಾವುದೋ ಗೇಟಿನ ಮುಂದೆ ಭದ್ರತೆಗೆ ನಿಲ್ಲುತ್ತಾನೆ. ಪುನರ್ವಸತಿ ಮಹಾನಿರ್ದೇಶನಾಲಯ ನಿವೃತ್ತಿಯ ಅಂಚಿನಲ್ಲಿರುವವರಿಗೆ ತರಬೇತಿ ಕೊಡಿಸುತ್ತದೆ. ಆದರೆ ಕೊನೆಯ ಕೆಲವು ತಿಂಗಳಲ್ಲಿ ಕಲಿಸಿದ್ದು ಸಾಲದು, ಹತ್ತನೆಯ ವರ್ಷದಿಂದಲೇ ಶುರುವಾಗಬೇಕು.

ಅಗ್ನಿವೀರರು

2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆ ಭರ್ತಿಯ ಸ್ವರೂಪವನ್ನೇ ಬದಲಿಸಿತು. ನಾಲ್ಕು ವರ್ಷದ ಸೇವೆ. ಕೊನೆಯಲ್ಲಿ ಹೆಚ್ಚೆಂದರೆ ಶೇ 25 ಮಂದಿಗೆ ಕಾಯಂ ಅವಕಾಶ. ಮೊದಲ ವರ್ಷದ ತಿಂಗಳ ಮೊತ್ತ ₹30,000, ನಾಲ್ಕನೆಯ ವರ್ಷ ₹40,000. ಅದರಲ್ಲಿ ಶೇ 30 ಸೇವಾನಿಧಿಗೆ ಹೋಗುತ್ತದೆ, ಸರ್ಕಾರ ಅಷ್ಟನ್ನೇ ಸೇರಿಸುತ್ತದೆ. ಹೊರಬರುವಾಗ ಬಡ್ಡಿ ಸೇರಿ ಸುಮಾರು ₹11.71 ಲಕ್ಷ, ತೆರಿಗೆಯಿಲ್ಲದೆ. ಸೇವೆಯಲ್ಲಿರುವಾಗ ₹48 ಲಕ್ಷದ ವಿಮೆಯಿದೆ. ಹೊರಬಂದ ಮೇಲೆ ಪಿಂಚಣಿ, ಗ್ರಾಚ್ಯುಟಿ, ಇಸಿಎಚ್‌ಎಸ್, ಕ್ಯಾಂಟೀನ್, ಮಾಜಿ ಸೈನಿಕ ಎಂಬ ಸ್ಥಾನಮಾನ ಇವು ಯಾವುವೂ ಇಲ್ಲ.

ಇಲ್ಲಿಯವರೆಗೆ ವಿವರಿಸಿದ ವ್ಯವಸ್ಥೆ ನಿಂತಿರುವುದು ಪಿಂಚಣಿಯ ಮೇಲೆ. ಅಗ್ನಿವೀರನಿಗೆ ಅದರ ಬಹುಪಾಲು ಅನ್ವಯಿಸುವುದಿಲ್ಲ. ಇಪ್ಪತ್ತೈದರ ಆಸುಪಾಸಿನಲ್ಲಿ ಹನ್ನೊಂದು ಲಕ್ಷ ಹಿಡಿದು ಊರಿಗೆ ಬರುವ ಹುಡುಗನಿಗೆ ಇಡುಗಂಟಿನ ಅಪಾಯಗಳೆಲ್ಲ ಇವೆ, ತಿಂಗಳ ಪಿಂಚಣಿಯ ಆಸರೆ ಇಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು ಮತ್ತು ಹಲವು ರಾಜ್ಯಗಳು ಅವರಿಗೆ ಮೀಸಲಾತಿ ಘೋಷಿಸಿವೆ. ಆದರೆ ಅಪ್ಪ ಸುಬೇದಾರ್, ಮಗ ಅಗ್ನಿವೀರ್ ಆಗಿರುವ ಮನೆಗಳಲ್ಲಿ ಒಂದೇ ಸಮವಸ್ತ್ರಕ್ಕೆ ಎರಡು ಬಗೆಯ ನಾಳೆಗಳು ಎದುರುಬದುರು ಕುಳಿತಿವೆ. ಜಿಲ್ಲಾ ಸೈನಿಕ ಕಚೇರಿಗಳು ಈ ಹುಡುಗರನ್ನು ಮೊದಲ ದಿನದಿಂದಲೇ ತಮ್ಮವರೆಂದು ದಾಖಲಿಸಿಕೊಳ್ಳುವುದು ಕಾಯ್ದೆಗೆ ಕಾಯದೆ ಆಗಬೇಕಾದ ಕೆಲಸ.

ಪಿಂಚಣಿ ಇಲ್ಲದವರು

ಹದಿನೈದು ವರ್ಷ ತುಂಬುವ ಮೊದಲೇ ಬಿಟ್ಟು ಬಂದವರು, ಎರಡನೆಯ ಮಹಾಯುದ್ಧದ ಕಾಲದ ಸಿಪಾಯಿಗಳ ವಿಧವೆಯರು, ಅಲ್ಪಾವಧಿ ಸೇವೆಯ ಅಧಿಕಾರಿಗಳು ಪಿಂಚಣಿಯ ಹೊರಗೆ ಉಳಿದರು. ಎರಡನೆಯ ಮಹಾಯುದ್ಧದ ಸೈನಿಕರು ಮತ್ತು ಅಲ್ಪಾವಧಿ ಅಧಿಕಾರಿಗಳನ್ನು 2019ರಲ್ಲಿ ಇಸಿಎಚ್‌ಎಸ್ ಒಳಗೆ ತರಲಾಯಿತು. ಪಿಂಚಣಿಯಿಲ್ಲದ, 65 ದಾಟಿದ ಬಡ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ತಿಂಗಳಿಗೆ ₹4,000 ಕೊಡುತ್ತಿತ್ತು. 2025ರ ನವೆಂಬರಿನಿಂದ ಅದನ್ನು ₹8,000ಕ್ಕೆ ಏರಿಸಲಾಗಿದೆ. ಹೆಣ್ಣುಮಗಳ ಮದುವೆಯ ನೆರವು ₹50,000ದಿಂದ ₹1 ಲಕ್ಷಕ್ಕೆ, ಮಕ್ಕಳ ಓದಿನ ನೆರವು ತಿಂಗಳಿಗೆ ₹1,000ದಿಂದ ₹2,000ಕ್ಕೆ ಏರಿದೆ.

ಈ ನೆರವು ಯಾವುದೂ ತಾನಾಗಿ ಮನೆಗೆ ಬರುವುದಿಲ್ಲ. ಅರ್ಜಿ ಹಾಕಬೇಕು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಅದನ್ನು ಪರಿಶೀಲಿಸಿ ಕಳುಹಿಸಬೇಕು. ಕೇಳಬೇಕೆಂದೇ ಗೊತ್ತಿಲ್ಲದ ಅಜ್ಜಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಅವರ ಮನೆಯ ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಬುಕ್, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ತೆಗೆಸಿ, ಜೊತೆಯಲ್ಲಿ ಒಮ್ಮೆ ಆ ಕಚೇರಿಗೆ ಕರೆದುಕೊಂಡು ಹೋಗಿ.